ನಳ ಬರುವ ಹೊತ್ತು: ಹುಬ್ಬಳ್ಳಿ-ಧಾರವಾಡದ ತಾಯಂದಿರ ದಿನಚರಿಯ ಚರಿತ್ರೆ

ಚಿಕ್ಕ ಮಕ್ಕಳಿರುವ ತಾಯಿ ತನ್ನ ದಿನವನ್ನು ಹೇಗೆ ಯೋಜಿಸಿಕೊಳ್ಳಬೇಕು ಎಂಬ ಸಲಹೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಪತ್ರಿಕೆಗಳ ಮಹಿಳಾ ಪುಟಗಳಲ್ಲಿ, ಪುಸ್ತಕಗಳಲ್ಲಿ, ಉಪನ್ಯಾಸಗಳಲ್ಲಿ ಅವನ್ನು ನಾವು ಓದುತ್ತಲೂ ಕೇಳುತ್ತಲೂ ಬಂದಿದ್ದೇವೆ. ಬೆಳಿಗ್ಗೆ ಐದಕ್ಕೆ ಏಳಬೇಕು, ತರಕಾರಿಯನ್ನು ಹಿಂದಿನ ರಾತ್ರಿಯೇ ಹೆಚ್ಚಿಟ್ಟುಕೊಳ್ಳಬೇಕು, ಮಕ್ಕಳನ್ನು ಇಂತಿಷ್ಟು ಗಂಟೆಗೆ ಎಬ್ಬಿಸಿ ಇಂತಿಷ್ಟು ಗಂಟೆಗೆ ಮಲಗಿಸಬೇಕು, ನಡುವೆ ತನಗೆಂದು ಅರ್ಧ ಗಂಟೆಯನ್ನಾದರೂ ಉಳಿಸಿಕೊಳ್ಳಬೇಕು. ಈ ಸಲಹೆಗಳು ಕೆಟ್ಟವೇನಲ್ಲ. ಆದರೆ ಹುಬ್ಬಳ್ಳಿಯ ಅಥವಾ ಧಾರವಾಡದ ಸಾಧಾರಣ ಮನೆಯೊಂದರ ಅಡುಗೆಮನೆಗೆ ಹೋದರೆ ಅಲ್ಲಿ ಇನ್ನೊಂದು ವೇಳಾಪಟ್ಟಿಯೂ ಕಣ್ಣಿಗೆ ಬೀಳುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಕೆಲವು ತಾರೀಖುಗಳಿಗೆ ಪೆನ್ನಿನಿಂದ ಸುತ್ತು ಹಾಕಿರುತ್ತದೆ. ಅವು ಹಬ್ಬದ ದಿನಗಳಲ್ಲ, ಹಾಲಿನ ಲೆಕ್ಕವೂ ಅಲ್ಲ. ನಳ ಬಂದ ದಿನಗಳು. ಕಳೆದ ಸಲ ಎಂದು ಬಂದಿತ್ತು, ಇನ್ನು ಎಂದು ಬರಬಹುದು ಎಂದು ಮನೆಯೊಡತಿ ಅವನ್ನು ನೋಡಿ ಅಂದಾಜು ಮಾಡುತ್ತಾಳೆ. ಅಂದು ಬಟ್ಟೆ ಒಗೆಯುವುದು, ಮಕ್ಕಳ ತಲೆಗೆ ನೀರು ಹಾಕುವುದು, ತವರಿಗೆ ಹೋಗಿ ಬರುವುದು ಎಲ್ಲವೂ ಆ ಅಂದಾಜಿನ ಮೇಲೆ ನಿಂತಿರುತ್ತದೆ.

ತಾಯಿಯ ದಿನಚರಿಯನ್ನು ನಿಜವಾಗಿ ಬರೆಯುವವರು ಯಾರು? ಈ ಪ್ರಶ್ನೆಯನ್ನು ನಮ್ಮ ಚರಿತ್ರೆಯ ಪುಸ್ತಕಗಳು ಕೇಳುವುದಿಲ್ಲ. ಅರಸರ ದಿನಚರಿ ಅಲ್ಲಿದೆ, ದಿವಾನರ ದಿನಚರಿ ಇದೆ. ಮೂರು ಮಕ್ಕಳನ್ನು ಸಾಕುತ್ತ ಮನೆ ನಡೆಸಿದ ಹೆಣ್ಣುಮಗಳ ಬೆಳಗು ಹೇಗೆ ಆರಂಭವಾಗುತ್ತಿತ್ತು ಎಂಬುದು ದಾಖಲಾಗಿರುವುದು ಕಡಿಮೆ. ಆದರೂ ಹುಡುಕಿದರೆ ಕುರುಹುಗಳು ಸಿಗುತ್ತವೆ. ಬೀಸುವ ಹಾಡುಗಳಲ್ಲಿ, ರೈಲ್ವೆಯ ಚರಿತ್ರೆಯಲ್ಲಿ, ಕೆರೆ-ಜಲಾಶಯಗಳ ಕಥೆಯಲ್ಲಿ, ಇತ್ತೀಚಿನ ಆರೋಗ್ಯ ಅಧ್ಯಯನಗಳಲ್ಲಿ ಅವು ಚದುರಿ ಬಿದ್ದಿವೆ. ಹುಬ್ಬಳ್ಳಿ-ಧಾರವಾಡದ ಮಟ್ಟಿಗೆ ಅವನ್ನು ಒಂದೆಡೆ ಇಟ್ಟು ನೋಡುವ ಸಣ್ಣ ಪ್ರಯತ್ನವನ್ನು ಇಲ್ಲಿ ಮಾಡುತ್ತಿದ್ದೇವೆ.

ಬೀಸುಕಲ್ಲಿನ ನಸುಕು

ಉತ್ತರ ಕರ್ನಾಟಕದ ಊಟವೆಂದರೆ ಜೋಳದ ರೊಟ್ಟಿ. ರೊಟ್ಟಿಗೆ ಹಿಟ್ಟು ಬೇಕು. ವಿದ್ಯುತ್ತಿನ ಹಿಟ್ಟಿನ ಗಿರಣಿ ಬರುವವರೆಗೆ ಆ ಹಿಟ್ಟು ಮನೆಯ ಬೀಸುಕಲ್ಲಿನಿಂದಲೇ ಬರಬೇಕಿತ್ತು. ಜೋಳದ ಹಿಟ್ಟನ್ನು ಬಹಳ ದಿನ ಇಟ್ಟರೆ ರೊಟ್ಟಿ ಬಡಿಯಲು ಬರುವುದಿಲ್ಲ, ಬಿರುಕು ಬಿಡುತ್ತದೆ. ಆದ್ದರಿಂದ ಬೀಸುವುದು ವಾರಕ್ಕೊಮ್ಮೆ ಮುಗಿಸುವ ಕೆಲಸವಾಗಿರಲಿಲ್ಲ, ಹೆಚ್ಚುಕಡಿಮೆ ದಿನನಿತ್ಯದ ಕೆಲಸವಾಗಿತ್ತು. ಮಕ್ಕಳು ಏಳುವ ಮೊದಲು, ಬಿಸಿಲೇರುವ ಮೊದಲು, ಹೊಲದ ಕೆಲಸಕ್ಕೆ ಹೋಗುವ ಮೊದಲು ಅದು ಮುಗಿಯಬೇಕು. ಹೀಗಾಗಿ ತಾಯಿಯ ದಿನ ನಸುಕಿಗೂ ಮುಂಚೆ ಶುರುವಾಗುತ್ತಿತ್ತು.

ಆ ಹೊತ್ತಿನಲ್ಲಿ ಹುಟ್ಟಿದ ಹಾಡುಗಳನ್ನು ಹಲಸಂಗಿ ಗೆಳೆಯರು ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಇಂದಿನ ವಿಜಯಪುರ ಜಿಲ್ಲೆಯ ಹಲಸಂಗಿಯ ಆ ಬಳಗದಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪನವರ ಜೊತೆಗೆ ಪಿ. ಧೂಲಾಸಾಹೇಬರೂ ಇದ್ದರು. ಈ ಹಾಡುಗಳನ್ನು ನಾವು ಸಾಹಿತ್ಯವೆಂದು ಓದಿ ಮೆಚ್ಚುತ್ತೇವೆ, ಅದು ಸರಿ. ಅದರ ಜೊತೆಗೆ ಅವನ್ನು ಕೆಲಸದ ದಾಖಲೆಗಳೆಂದೂ ಓದಬೇಕು. ತ್ರಿಪದಿಯ ಲಯ ಕಲ್ಲು ತಿರುಗುವ ಲಯದೊಂದಿಗೆ ಹೊಂದಿಕೊಂಡಿದೆ. ತವರು, ಅಣ್ಣ, ತೊಟ್ಟಿಲ ಕೂಸು ಇವೆಲ್ಲ ಆ ಹಾಡುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಮನೆಯ ಬೇರೆಯವರು ಮಲಗಿರುವ ಆ ಒಂದು ಗಳಿಗೆಯಲ್ಲಿ ಕೈಗಳು ದುಡಿಯುತ್ತಿದ್ದರೂ ಮನಸ್ಸು ಅವಳದೇ ಆಗಿತ್ತು. ಹಾಗೆಂದು ಆ ಕಾಲವನ್ನು ಚಂದವಾಗಿ ಬಣ್ಣಿಸುವುದು ಬೇಡ. ಬಸುರಿಯಾಗಿದ್ದಾಗಲೂ, ಬಾಣಂತನ ಮುಗಿದ ಕೂಡಲೇ, ಜ್ವರ ಬಂದಾಗಲೂ ಕಲ್ಲು ತಿರುಗಲೇಬೇಕಿತ್ತು.

ಹಿಟ್ಟಿನ ಗಿರಣಿ ಬಂದಾಗ ಈ ಕೆಲಸ ತಪ್ಪಿತು. ಮನೆಯ ಹೆಣ್ಣುಮಗಳಿಗೆ ದಿನಕ್ಕೆ ಒಂದೆರಡು ಗಂಟೆ ಉಳಿಯಿತು ಎಂದು ಲೆಕ್ಕ ಹಾಕಬಹುದು. ಆದರೆ ಉಳಿದ ಆ ಹೊತ್ತು ಅವಳ ಕೈಯಲ್ಲಿ ಉಳಿಯಿತೇ? ನಗರದಲ್ಲಿ ಅದಕ್ಕೆ ಬೇರೆ ಹಕ್ಕುದಾರರು ಹುಟ್ಟಿಕೊಂಡಿದ್ದರು.

ಭೋಂಗಾದ ಕಾಲ

ಅವರಲ್ಲಿ ಮೊದಲನೆಯದು ರೈಲು. ಅದಕ್ಕೂ ಮುಂಚೆ ಊರಿನ ಹೊತ್ತನ್ನು ಸೂರ್ಯ ಹೇಳುತ್ತಿದ್ದ. ಮಸೀದಿಯ ಆಜಾನ್, ಗುಡಿಯ ಗಂಟೆ, ಕೋಳಿಯ ಕೂಗು ಎಲ್ಲವೂ ಸೂರ್ಯನನ್ನು ನೋಡಿಯೇ ನಡೆಯುತ್ತಿದ್ದವು. ಬೆಳಗಿನ ಆಜಾನ್ ಆಯಿತೆಂದು ಒಲೆ ಹಚ್ಚುವ ರೂಢಿ ಬರೀ ಮುಸ್ಲಿಮರ ಮನೆಗಳದಲ್ಲ, ಓಣಿಯ ಎಲ್ಲರದೂ ಆಗಿತ್ತು. ಹಗಲು ದೊಡ್ಡದಾದರೆ ದಿನಚರಿಯೂ ಸರಿಯುತ್ತಿತ್ತು, ಸಣ್ಣದಾದರೆ ಕುಗ್ಗುತ್ತಿತ್ತು.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಈ ಸೀಮೆಗೆ ಬಂತು. ಧಾರವಾಡದಲ್ಲಿ ಕಂಪನಿಯ ಕಚೇರಿ ಇದ್ದ ಕಟ್ಟಡವೇ ಮುಂದೆ ಕರ್ನಾಟಕ ಕಾಲೇಜಿನ ಕಟ್ಟಡವಾಯಿತು. ಹುಬ್ಬಳ್ಳಿಯಲ್ಲಿ ಎಂಜಿನ್ ಮತ್ತು ಡಬ್ಬಿಗಳ ದುರಸ್ತಿಗೆ ದೊಡ್ಡ ವರ್ಕ್‌ಶಾಪ್ ಎದ್ದಿತು. ಹತ್ತಿ ಬೆಳೆಯುವ ಈ ನಾಡಿನಲ್ಲಿ ಅರಳೆ ಬಿಡಿಸುವ ಗಿರಣಿಗಳು, ನೂಲಿನ ಗಿರಣಿಗಳು ತಲೆಯೆತ್ತಿದವು. ಗಿರಣಿಚಾಳ ಎಂಬ ಹೆಸರು ಊರಿನಲ್ಲಿ ಇಂದಿಗೂ ಉಳಿದಿದೆ. ರೈಲು ಮತ್ತು ಗಿರಣಿ ಎರಡೂ ಗಂಟೆಯ ಲೆಕ್ಕದಲ್ಲಿ ನಡೆಯುವಂಥವು. ಭೋಂಗಾ ಕೂಗಿತೆಂದರೆ ಗಂಡಾಳು ಬಾಗಿಲೊಳಗೆ ಇರಬೇಕು. ಅವನು ಅಲ್ಲಿ ಇರಬೇಕಾದರೆ ಅದಕ್ಕೆ ಎರಡು ಗಂಟೆ ಮೊದಲು ಮನೆಯಲ್ಲಿ ಒಬ್ಬಳು ಎದ್ದು ರೊಟ್ಟಿ ಬಡಿದು ಬುತ್ತಿ ಕಟ್ಟಿರಬೇಕು. ಕಂಪನಿ ಸಂಬಳ ಕೊಟ್ಟದ್ದು ಒಬ್ಬನಿಗೆ, ಎಬ್ಬಿಸಿದ್ದು ಇಬ್ಬರನ್ನು.

1906ರ ಜನವರಿ 1ರಿಂದ ಭಾರತಕ್ಕೆಲ್ಲ ಒಂದೇ ಕಾಲಮಾನ ಬಂತು. ಅಲಹಾಬಾದಿನ ಹತ್ತಿರ ಹಾದುಹೋಗುವ ರೇಖಾಂಶವನ್ನು ಆಧರಿಸಿದ ಈ ಗಡಿಯಾರ ಹುಬ್ಬಳ್ಳಿಯ ಸೂರ್ಯನಿಗಿಂತ ಸುಮಾರು ಅರ್ಧ ಗಂಟೆ ಮುಂದಿದೆ. ಅಂದರೆ ಗಡಿಯಾರದಲ್ಲಿ ಆರು ಹೊಡೆದಾಗ ಇಲ್ಲಿನ ಆಕಾಶದಲ್ಲಿ ಇನ್ನೂ ಐದೂವರೆಯ ಬೆಳಕಿರುತ್ತದೆ. ಇದು ಸಣ್ಣ ಸಂಗತಿ ಎನಿಸಬಹುದು. ಆದರೆ ಕಚೇರಿ, ಶಾಲೆ, ಕಾರ್ಖಾನೆ ಎಲ್ಲವೂ ಗಡಿಯಾರವನ್ನು ಹಿಡಿದು ನಡೆಯತೊಡಗಿದಾಗ ಕತ್ತಲಲ್ಲಿ ಏಳಬೇಕಾದವರು ಯಾರು ಎಂದು ಯೋಚಿಸಿದರೆ ಅದರ ತೂಕ ತಿಳಿಯುತ್ತದೆ. ಮಗು ಮಾತ್ರ ಇಂದಿಗೂ ಸೂರ್ಯನ ಲೆಕ್ಕದಲ್ಲೇ ಏಳುತ್ತದೆ, ಹಸಿವಿನ ಲೆಕ್ಕದಲ್ಲೇ ಅಳುತ್ತದೆ. ಈ ಎರಡು ಲೆಕ್ಕಗಳನ್ನು ಹೊಂದಿಸುವ ಕೆಲಸ ತಾಯಿಯ ಪಾಲಿಗೆ ಬಂತು. ಗಂಡನಿಗೆ ರಾತ್ರಿ ಪಾಳಿ ಇದ್ದರೆ ಹಗಲು ಅವನು ಮಲಗಿರುವಾಗ ಮಕ್ಕಳು ಗದ್ದಲ ಮಾಡದಂತೆ ನೋಡಿಕೊಳ್ಳುವುದೂ ಅವಳದೇ ಕೆಲಸವಾಯಿತು.

ಹುಬ್ಬಳ್ಳಿಯ ಸೆಟ್ಲಮೆಂಟ್ ಪ್ರದೇಶದ ಕಥೆಯನ್ನು ಇಲ್ಲಿ ನೆನೆಯದಿದ್ದರೆ ತಪ್ಪಾಗುತ್ತದೆ. ಬ್ರಿಟಿಷ್ ಸರಕಾರ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿ, ಅವರ ಕುಟುಂಬಗಳನ್ನು ಇಂಥ ವಸತಿಗಳಲ್ಲಿ ಇರಿಸಿತು. ಆ ಕಾನೂನಿನಡಿ ಹಾಜರಿ ಕೊಡಬೇಕಿತ್ತು, ಅನುಮತಿಯಿಲ್ಲದೆ ಹೊರಗೆ ಹೋಗುವಂತಿರಲಿಲ್ಲ. ಅಲ್ಲಿನ ಹೆಣ್ಣುಮಗಳು ಮಗುವಿಗೆ ಹಾಲೂಡುವ ಹೊತ್ತೂ ಸರಕಾರದ ಹಾಜರಿಗೆ ತಲೆಬಾಗಬೇಕಾಗಿತ್ತು. 1952ರಲ್ಲಿ ಆ ಕಾನೂನು ರದ್ದಾಯಿತು. ಇತರ ಓಣಿಗಳಲ್ಲಿ ಮರೆಯಲ್ಲಿ ನಡೆದದ್ದು ಇಲ್ಲಿ ಬಹಿರಂಗವಾಗಿಯೇ ನಡೆದಿತ್ತು.

ನೀರು ಹತ್ತಿರವಾಯಿತು, ಹೊತ್ತು ದೂರವಾಯಿತು

ಈಗ ನೀರಿನ ವಿಷಯಕ್ಕೆ ಬರೋಣ. ಹಳೆಯ ಹುಬ್ಬಳ್ಳಿ ಮತ್ತು ಧಾರವಾಡ ಬಾವಿ ಹಾಗೂ ಕೆರೆಗಳ ಊರುಗಳು. ಹುಬ್ಬಳ್ಳಿಗೆ ಉಣಕಲ್ ಕೆರೆ, ಧಾರವಾಡಕ್ಕೆ ಕೆಲಗೇರಿ ಕೆರೆ ನೀರುಣಿಸಿದವು. ಜನ ಹೆಚ್ಚಿದಂತೆ ಅವು ಸಾಲದಾದವು. ಕಲಘಟಗಿ ಕಡೆಯ ಬೇಡ್ತಿ ಹಳ್ಳಕ್ಕೆ ಅಡ್ಡಲಾಗಿ 1955ರಲ್ಲಿ ನೀರಸಾಗರ ಜಲಾಶಯ ಕಟ್ಟಿ ಹುಬ್ಬಳ್ಳಿಗೆ ನೀರು ತಂದರು. 1962ರಲ್ಲಿ ಎರಡೂ ಊರುಗಳು ಸೇರಿ ಒಂದೇ ಮಹಾನಗರಪಾಲಿಕೆಯಾದವು. 1980ರ ದಶಕದಲ್ಲಿ ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟಿನ ಹಿಂದೆ ನಿಂತ ಮಲಪ್ರಭೆಯ ನೀರು ಅಮ್ಮಿನಬಾವಿಯಲ್ಲಿ ಶುದ್ಧವಾಗಿ ಕೊಳವೆಯ ಮೂಲಕ ಅವಳಿ ನಗರಕ್ಕೆ ಹರಿಯತೊಡಗಿತು. 2011ರ ಜನಗಣತಿಯ ಹೊತ್ತಿಗೆ ನಗರದ ಜನಸಂಖ್ಯೆ 9 ಲಕ್ಷ 43 ಸಾವಿರ ದಾಟಿತ್ತು.

ಮನೆಯ ಬಾಗಿಲಿಗೆ ನಳ ಬಂದದ್ದು ದೊಡ್ಡ ಸೌಕರ್ಯವೇ. ಸೊಂಟದಲ್ಲಿ ಒಂದು ಕೂಸು, ತಲೆಯ ಮೇಲೊಂದು ಕೊಡ ಹೊತ್ತು ಬಾವಿಗೆ ಅಲೆಯುವುದು ತಪ್ಪಿತು. ಆದರೆ ಇನ್ನೊಂದು ಬದಲಾವಣೆಯೂ ಆಯಿತು. ಬಾವಿ ದೂರವಿತ್ತು, ಆದರೆ ಅದು ಯಾವ ಹೊತ್ತಿನಲ್ಲೂ ಅಲ್ಲೇ ಇರುತ್ತಿತ್ತು. ಯಾವಾಗ ಹೋಗಬೇಕೆಂದು ಅವಳು ನಿರ್ಧರಿಸಬಹುದಿತ್ತು. ನಳ ಅಂಗಳದಲ್ಲೇ ಇದೆ, ಆದರೆ ನೀರು ಬರುವ ಹೊತ್ತನ್ನು ನಿರ್ಧರಿಸುವವರು ಬೇರೆ. ಇರುವ ನೀರನ್ನು ಎಲ್ಲ ಬಡಾವಣೆಗಳಿಗೂ ಒಮ್ಮೆಗೇ ಬಿಡಲಾಗದೆ ಪಾಳಿಯ ಪದ್ಧತಿ ಬಂತು. ವಾಲ್ವ್‌ಮನ್‌ಗಳು ರಸ್ತೆಯ ಗುಂಡಿಗಿಳಿದು ಕೈಯಿಂದ ವಾಲ್ವ್ ತಿರುವಿ ಒಂದು ಓಣಿಗೆ ನೀರು ಬಿಟ್ಟು ಇನ್ನೊಂದಕ್ಕೆ ನಿಲ್ಲಿಸುತ್ತಾರೆ. ಮೂರು ದಿನಕ್ಕೊಮ್ಮೆ, ಐದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಎಂಟು-ಹತ್ತು ದಿನಕ್ಕೊಮ್ಮೆ ಎಂಬ ಲೆಕ್ಕ ಈ ನಗರದ ಬಹುಭಾಗಕ್ಕೆ ರೂಢಿಯಾಯಿತು. ವಿದ್ಯುತ್ ಹೋದರೆ, ಕೊಳವೆ ಒಡೆದರೆ ಆ ಲೆಕ್ಕವೂ ತಪ್ಪುತ್ತದೆ.

ನಳ ಬರುವ ದಿನ ಮನೆಯಲ್ಲಿ ಏನಾಗುತ್ತದೆ ಎಂಬುದು ಈ ಊರಿನವರಿಗೆ ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ಹೇಳುತ್ತೇವೆ. ನಳದ ಬಾಯಿಯನ್ನು ಹಿಂದಿನ ರಾತ್ರಿಯೇ ತೆರೆದು ಕೆಳಗೊಂದು ಖಾಲಿ ಕೊಡ ಇಟ್ಟು ಮಲಗುತ್ತಾರೆ, ನೀರು ಬಿದ್ದ ಸದ್ದಿಗೆ ಎಚ್ಚರವಾಗಲಿ ಎಂದು. ನಸುಕಿನ ಎರಡು ಗಂಟೆಗೆ ಬಂದರೆ ಎರಡಕ್ಕೇ ಏಳಬೇಕು. ಮೊದಲ ಕೆಲವು ನಿಮಿಷಗಳ ಕೆಂಪು ನೀರನ್ನು ಬಚ್ಚಲಿಗೂ ಗಿಡಕ್ಕೂ ತೆಗೆದಿಟ್ಟು, ತಿಳಿಯಾದ ಮೇಲೆ ಕುಡಿಯುವ ನೀರಿನ ಕೊಡಗಳನ್ನು ತುಂಬಬೇಕು. ಆಮೇಲೆ ಹಂಡೆ, ಪೀಪಾಯಿ, ಸಿಂಟೆಕ್ಸ್, ಕಡೆಗೆ ಬಕೆಟ್ಟುಗಳು. ನಡುವೆ ತೊಟ್ಟಿಲಲ್ಲಿ ಮಗು ಎದ್ದರೆ ಕೊಡ ತುಂಬಿ ಹರಿಯುತ್ತದೆ, ಕೊಡದ ಬಳಿ ನಿಂತರೆ ಮಗು ಅಳುತ್ತದೆ. ಬೆಳಗಾಗುವ ಹೊತ್ತಿಗೆ ನೀರು ನಿಂತು ಶಾಲೆಯ ಹೊತ್ತು ಶುರುವಾಗುತ್ತದೆ. ಹಗಲು ಬಂದರೆ ಇನ್ನೊಂದು ಬಗೆಯ ತೊಂದರೆ. ಮನೆಗೆಲಸಕ್ಕೋ ಕಟ್ಟಡದ ಕೂಲಿಗೋ ಹೋಗುವ ತಾಯಿ ಅಂದಿನ ಪಗಾರವನ್ನೇ ಬಿಡಬೇಕು, ಇಲ್ಲವೇ ದೊಡ್ಡ ಮಗಳನ್ನು ಶಾಲೆ ಬಿಡಿಸಿ ನಿಲ್ಲಿಸಬೇಕು. ಪಕ್ಕದ ಮನೆಯವರ ಕೈಯಲ್ಲಿ ಕೀಲಿಕೈ ಕೊಟ್ಟು "ನಳ ಬಂದರ ನಮ್ಮ ಎರಡು ಕೊಡ ತುಂಬಿಸ್ರಿ" ಎಂದು ಹೋಗುವ ವಿಶ್ವಾಸ ನಮ್ಮ ಓಣಿಗಳಲ್ಲಿ ಜಾತಿ-ಮತ ನೋಡದೆ ಬೆಳೆದಿದೆ. ಅದು ಹೆಮ್ಮೆಯ ಸಂಗತಿ. ಆದರೆ ಆ ಎರಡು ಕೊಡ ತುಂಬಿಸುವವಳೂ ಇನ್ನೊಬ್ಬ ತಾಯಿಯೇ ಎಂಬುದನ್ನು ಮರೆಯಬಾರದು.

ಬಟ್ಟೆ, ಸ್ನಾನ, ನೆಲ ಒರೆಸುವುದು, ಎಳೆಗೂಸಿನ ಲಂಗೋಟಿ ತೊಳೆಯುವುದು ಎಲ್ಲವೂ ನೀರಿನ ಪಾಳಿಗೆ ಕಾದು ಕುಳಿತಿರುವಾಗ "ಸೋಮವಾರ ಇದು, ಮಂಗಳವಾರ ಅದು" ಎಂಬ ಅಚ್ಚುಕಟ್ಟಾದ ಪಟ್ಟಿ ಎಷ್ಟು ದಿನ ನಡೆದೀತು? ಪಟ್ಟಿ ಮುರಿದಾಗ ತಾಯಿ ತನ್ನನ್ನೇ ಬೈದುಕೊಳ್ಳುತ್ತಾಳೆ. ತನಗೆ ಶಿಸ್ತಿಲ್ಲ, ತಾನು ಸೋಮಾರಿ ಎಂದುಕೊಳ್ಳುತ್ತಾಳೆ. ಮನೆಯವರೂ ಹಾಗೆಯೇ ಅನ್ನುತ್ತಾರೆ.

ಬೇರೆ ನಾಡಿನಿಂದ ಬಂದ ವೇಳಾಪಟ್ಟಿ

ಗೃಹಿಣಿಯ ದಿನವನ್ನು ಗಂಟೆಗಳಾಗಿ ಹಂಚುವ ಆಧುನಿಕ ಪದ್ಧತಿಗೂ ಒಂದು ಚರಿತ್ರೆಯಿದೆ. ಅಮೆರಿಕದಲ್ಲಿ ಕಾರ್ಖಾನೆಗಳ ಕೆಲಸವನ್ನು ನಿಮಿಷ ನಿಮಿಷಕ್ಕೆ ಅಳೆದು ವ್ಯವಸ್ಥೆಗೊಳಿಸುವ ಚಳವಳಿ ನಡೆದಿದ್ದ ಕಾಲದಲ್ಲಿ ಕ್ರಿಸ್ಟೀನ್ ಫ್ರೆಡರಿಕ್ ಎಂಬ ತಾಯಿ ಅದೇ ವಿಧಾನವನ್ನು ಮನೆಗೆ ಅನ್ವಯಿಸಿದಳು. 1913ರಲ್ಲಿ 'ದಿ ನ್ಯೂ ಹೌಸ್‌ಕೀಪಿಂಗ್' ಎಂಬ ಪುಸ್ತಕ ಬರೆದಳು. ಪಾತ್ರೆ ತೊಳೆಯುವುದಕ್ಕೆ ಎಷ್ಟು ಹೆಜ್ಜೆ, ಎಷ್ಟು ಬಾಗುವಿಕೆ ಎಂದು ಅವಳು ಲೆಕ್ಕ ಹಾಕಿದಳು. ನಮ್ಮಲ್ಲಿಗೆ ಬಂದ ಗೃಹವಿಜ್ಞಾನ ಎಂಬ ಶಾಸ್ತ್ರದಲ್ಲಿ ಈ ಪರಂಪರೆಯ ಪಾಲು ದೊಡ್ಡದು. ಧಾರವಾಡದಲ್ಲೂ 1974ರಲ್ಲಿ ಗ್ರಾಮೀಣ ಗೃಹವಿಜ್ಞಾನ ಕಾಲೇಜು ಆರಂಭವಾಗಿ, ಹಳ್ಳಿಯ ಮನೆಯ ಆಹಾರ, ಮಕ್ಕಳ ಬೆಳವಣಿಗೆ, ಮನೆವಾರ್ತೆಯ ನಿರ್ವಹಣೆ ಅಧ್ಯಯನದ ವಿಷಯಗಳಾದವು. ಅದು ಗೌರವದ ಕೆಲಸ. ಮನೆಗೆಲಸವೂ ಕೆಲಸವೇ ಎಂದು ಅದು ಒಪ್ಪಿಕೊಂಡಿತು.

ಆದರೆ ಅಮೆರಿಕದ ಆ ಪಟ್ಟಿಗಳ ಹಿಂದೆ ಒಂದು ನಂಬಿಕೆ ಇತ್ತು. ನಳ ತಿರುವಿದರೆ ನೀರು ಬರುತ್ತದೆ ಎಂಬುದು ಆ ನಂಬಿಕೆ. ಪಾತ್ರೆ ತೊಳೆಯಲು ಹತ್ತು ನಿಮಿಷ ಎಂದು ಬರೆದವಳು ನೀರಿಗಾಗಿ ಐದು ದಿನ ಕಾಯಬೇಕಾಗಿರಲಿಲ್ಲ. ಮೇಲಾಗಿ ಅಲ್ಲಿಯೂ ಯಂತ್ರಗಳು ಬಂದ ಮೇಲೆ ತಾಯಿಯ ಕೆಲಸ ಕಡಿಮೆಯಾಗಲಿಲ್ಲ ಎಂದು ರೂತ್ ಶ್ವಾರ್ಟ್ಸ್ ಕೋವನ್ ಎಂಬ ಇತಿಹಾಸಕಾರ್ತಿ 1983ರಲ್ಲಿ ಬರೆದ ಗ್ರಂಥದಲ್ಲಿ ತೋರಿಸಿಕೊಟ್ಟರು. ಬಟ್ಟೆ ಒಗೆಯುವ ಯಂತ್ರ ಬಂದಾಗ ಬಟ್ಟೆ ಹೆಚ್ಚು ಸಲ ಒಗೆಯಬೇಕೆಂಬ ನಿರೀಕ್ಷೆಯೂ ಜೊತೆಗೇ ಬಂತು.

ಎಂಟು ವಾರ್ಡುಗಳ ಪಾಠ

ನಳ ಸದಾ ಬಂದರೆ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. 2004ರಲ್ಲಿ ವಿಶ್ವಬ್ಯಾಂಕಿನ ನೆರವಿನ ಯೋಜನೆಯೊಂದು ಮಂಜೂರಾಗಿ, ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಆಯ್ದ ಪ್ರದೇಶಗಳಲ್ಲಿ ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ ನಡೆಯಿತು. 2008ರ ಹೊತ್ತಿಗೆ ನಮ್ಮ ಅವಳಿ ನಗರದ 8 ವಾರ್ಡುಗಳಲ್ಲಿ ಅದು ಜಾರಿಯಾಯಿತು. ಉಳಿದ ವಾರ್ಡುಗಳಲ್ಲಿ ಹಳೆಯ ಪಾಳಿಯೇ ಮುಂದುವರಿಯಿತು. ಒಂದೇ ಊರು, ಒಂದೇ ಮೂಲದ ನೀರು, ಎರಡು ಬಗೆಯ ನಳ.

ಈ ಸ್ಥಿತಿಯನ್ನು ಬಳಸಿಕೊಂಡು ಸಂಶೋಧಕರ ತಂಡವೊಂದು 2010ರ ನವೆಂಬರ್‌ನಿಂದ 2012ರ ಫೆಬ್ರವರಿವರೆಗೆ ಐದು ವರ್ಷದೊಳಗಿನ ಮಕ್ಕಳಿರುವ 3,922 ಮನೆಗಳಿಗೆ ನಾಲ್ಕು ಸಲ ಭೇಟಿ ಕೊಟ್ಟು ಮಾಹಿತಿ ಕಲೆಹಾಕಿತು. 2015ರಲ್ಲಿ ಪ್ರಕಟವಾದ ಫಲಿತಾಂಶವನ್ನು ನಾವು ಪ್ರಾಮಾಣಿಕವಾಗಿಯೇ ಓದಬೇಕು. ಒಟ್ಟಾರೆ ಮಕ್ಕಳ ಭೇದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಸದಾ ನೀರಿದ್ದ ಪ್ರದೇಶಗಳಲ್ಲಿ ಟೈಫಾಯಿಡ್ ಕಂಡ ಮನೆಗಳು ಶೇಕಡಾ 42ರಷ್ಟು ಕಡಿಮೆ ಇದ್ದವು. ಕಡಿಮೆ ಆದಾಯದ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಶೇಕಡಾ 37ರಷ್ಟು ಕಡಿಮೆ ಇತ್ತು. ಅನುಕೂಲವಂತರ ಮನೆಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಇದೇ ನಗರದಲ್ಲಿ ನಡೆದ, 2013ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ನಳದ ನೀರನ್ನೇ ಪರೀಕ್ಷಿಸಿತು. ಪಾಳಿಯ ನೀರಿನ ಮಾದರಿಗಳಲ್ಲಿ ಸುಮಾರು ಮೂರರಲ್ಲಿ ಒಂದರಲ್ಲಿ ಮಲದ ಸೋಂಕಿನ ಸೂಚಕವಾದ ಇ. ಕೋಲೈ ರೋಗಾಣು ಕಂಡುಬಂದರೆ, ನಿರಂತರ ನೀರಿನಲ್ಲಿ ಅದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ ಇತ್ತು. ಕೊಳವೆಯಲ್ಲಿ ನೀರು ಇಲ್ಲದಾಗ ಒತ್ತಡ ಕಳೆದುಕೊಂಡ ಕೊಳವೆ ಸುತ್ತಲಿನ ಹೊಲಸನ್ನು ಒಳಗೆಳೆದುಕೊಳ್ಳುವುದು ಇದಕ್ಕೊಂದು ಕಾರಣ.

ಈ ಅಂಕಿಗಳಿಗೂ ದಿನಚರಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಮನೆಯಲ್ಲಿ ಒಂದು ಮಗುವಿಗೆ ಟೈಫಾಯಿಡ್ ಬಂದರೆ ತಾಯಿಯ ಎಷ್ಟು ವಾರಗಳು ಹೋಗುತ್ತವೆ ಎಂಬುದನ್ನು ಅನುಭವಿಸಿದವರೇ ಬಲ್ಲರು. ಆಸ್ಪತ್ರೆಯ ಸಾಲು, ರಾತ್ರಿಯ ನಿದ್ದೆಗೇಡು, ಗಂಜಿ, ಔಷಧದ ಹೊತ್ತು. ಯಾವ ಯೋಜನೆಯ ಪಟ್ಟಿಯಲ್ಲೂ ಅದಕ್ಕೆ ಜಾಗವಿರುವುದಿಲ್ಲ. ನೀರು ಕೊಡುವ ರೀತಿ ಬದಲಾದರೆ ಕಾಯುವ ಹೊತ್ತು ಉಳಿಯುತ್ತದೆ, ಆರೈಕೆಯ ಹೊತ್ತೂ ಉಳಿಯುತ್ತದೆ. ಅದರಲ್ಲೂ ಬಡವರ ಮನೆಯಲ್ಲಿ.

ಇನ್ನೊಂದು ಪ್ರಯೋಗವೂ ಇಲ್ಲಿಂದಲೇ ಹೊರಟಿತು. ನೀರು ಸದಾ ಕೊಡಲಾಗದಿದ್ದರೆ ಬರುವ ಹೊತ್ತನ್ನಾದರೂ ಮೊದಲೇ ತಿಳಿಸೋಣ ಎಂದು 2011ರ ಸುಮಾರಿಗೆ ಹುಬ್ಬಳ್ಳಿ-ಧಾರವಾಡದಲ್ಲಿ 'ನೆಕ್ಸ್ಟ್‌ಡ್ರಾಪ್' ಎಂಬ ಸೇವೆ ಶುರುವಾಯಿತು. ವಾಲ್ವ್‌ಮನ್‌ಗಳಿಂದ ಫೋನಿನಲ್ಲಿ ಮಾಹಿತಿ ಪಡೆದು ಮನೆಗಳಿಗೆ ಮೊಬೈಲ್ ಸಂದೇಶ ಕಳಿಸುವ ವ್ಯವಸ್ಥೆ ಅದು. ಮುಂದೆ ಬೆಂಗಳೂರಿಗೂ ಹೋಯಿತು. ಅಲ್ಲಿ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿದ್ದು ಗಮನಾರ್ಹ. ಸಂದೇಶಗಳಿಂದ ಜನರ ಆತಂಕ ತುಸು ಕಡಿಮೆಯಾಯಿತು, ಆದರೆ ನೀರಿಗಾಗಿ ಕಾಯುವ ಹೊತ್ತು ಕಡಿಮೆಯಾಗಲಿಲ್ಲ. ಮಾಹಿತಿ ಕೊಡಬೇಕಾದವರು ಸರಿಯಾಗಿ ಕೊಡದೇ ಇದ್ದದ್ದು ಒಂದು ಕಾರಣ. ಗಂಡು-ಹೆಣ್ಣಿನ ನಡುವಿನ ಅಸಮಾನತೆ ಇನ್ನೊಂದು. ನಮ್ಮ ಮನೆಗಳನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮನೆಗೊಂದೇ ಫೋನು ಇದ್ದಾಗ ಅದು ಗಂಡನ ಕಿಸೆಯಲ್ಲಿ ಅವನೊಂದಿಗೆ ಕೆಲಸಕ್ಕೆ ಹೋಗಿರುತ್ತದೆ, ನಳದ ಮುಂದೆ ನಿಂತವಳಿಗೆ ಸುದ್ದಿ ತಲುಪುವುದೇ ಇಲ್ಲ.

2016ರಲ್ಲಿ ನಿರಂತರ ನೀರನ್ನು ಇಡೀ ಹುಬ್ಬಳ್ಳಿ-ಧಾರವಾಡಕ್ಕೆ ವಿಸ್ತರಿಸಲು ವಿಶ್ವಬ್ಯಾಂಕ್ 10 ಕೋಟಿ ಡಾಲರ್ ಸಾಲಕ್ಕೆ ಒಪ್ಪಿಗೆ ಕೊಟ್ಟಿತು. ಕೆಲಸ ಅಂದುಕೊಂಡದ್ದಕ್ಕಿಂತ ಬಹಳ ತಡವಾಗಿ ಸಾಗಿದೆ. ಸದಾ ನೀರು ಬಂದಲ್ಲಿ ಮೀಟರೂ ಬರುತ್ತದೆ, ಬಿಲ್ಲೂ ಬರುತ್ತದೆ. ಕೂಲಿ ಮಾಡುವ ಮನೆಗೆ ಆ ಬಿಲ್ಲು ಹೊರೆಯಾಗದಂತೆ ನೋಡಿಕೊಳ್ಳುವುದು ಅಷ್ಟೇ ಮುಖ್ಯ. ಹೊತ್ತು ಉಳಿಸಿಕೊಟ್ಟು ಅನ್ನ ಕಿತ್ತುಕೊಂಡರೆ ತಾಯಿಗೆ ಲಾಭವೇನು?

ಊರು ಹೊತ್ತ ಭಾರ, ಮನೆ ಹೊರದ ಭಾರ

ಊರು ಅಥವಾ ಸರಕಾರ ತಾಯಿಯ ಒಂದು ಕೆಲಸವನ್ನು ತಾನು ಹೊತ್ತುಕೊಂಡಾಗ ಏನಾಗುತ್ತದೆ ಎಂಬುದಕ್ಕೆ ಬೇರೆ ನಿದರ್ಶನಗಳೂ ಇವೆ. 1948ರ ಕಾರ್ಖಾನೆ ಕಾಯ್ದೆ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಗಳಲ್ಲಿ ಮಕ್ಕಳ ಪಾಲನೆಗೆ ಕೋಣೆ ಇರಬೇಕೆಂದು ಹೇಳಿತು. ಮನೆಯಲ್ಲೇ ಬೀಡಿ ಕಟ್ಟುವ, ಊದುಬತ್ತಿ ಹೊಸೆಯುವ, ಕಸೂತಿ ಹಾಕುವ ತಾಯಂದಿರಿಗೆ ಅದು ತಲುಪಲಿಲ್ಲ. 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿ ಅವರಿಗೆ ತುಸು ಆಸರೆಯಾಯಿತು. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾಗಿ 2003ರಲ್ಲಿ ಉಳಿದ ಜಿಲ್ಲೆಗಳಿಗೂ ಬಂದ ಅಕ್ಷರ ದಾಸೋಹದಿಂದ ಸರಕಾರಿ ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟ ಸಿಕ್ಕಿತು. ಮಗುವಿನ ಹೊಟ್ಟೆ ತುಂಬಿತು ಎಂದಷ್ಟೇ ನಾವು ಅದನ್ನು ನೆನೆಯುತ್ತೇವೆ. ಆದರೆ ಕೂಲಿಗೆ ಹೋಗುವ ತಾಯಿಗೆ ಬೆಳಗಿನ ಬುತ್ತಿಯ ಚಿಂತೆ ಕಡಿಮೆಯಾದದ್ದೂ ಅಷ್ಟೇ ನಿಜ. ಯಾರೂ ಅವಳಿಗೆ ವೇಳಾಪಟ್ಟಿ ಕಲಿಸಲಿಲ್ಲ, ಅವಳ ಪಟ್ಟಿಯಿಂದ ಒಂದು ಕೆಲಸ ತೆಗೆದರು. ಅಷ್ಟರಿಂದಲೇ ಅವಳ ಬೆಳಗು ಹಗುರಾಯಿತು.

ಮನೆಯ ಒಳಗಿನ ಲೆಕ್ಕ ಮಾತ್ರ ಇನ್ನೂ ಬದಲಾಗಿಲ್ಲ. 2019ರಲ್ಲಿ ಕೇಂದ್ರ ಸರಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆಂದೂ, ಮನೆಗೆಲಸ ಮಾಡುವ ಗಂಡಸರು 97 ನಿಮಿಷ ಕೊಡುತ್ತಾರೆಂದೂ ತಿಳಿದುಬಂತು. ಗಮನಿಸಿ, ಇದು ಕೆಲಸ ಮಾಡುವ ಗಂಡಸರ ಲೆಕ್ಕ. ಮನೆಗೆಲಸವನ್ನೇ ಮುಟ್ಟದ ಗಂಡಸರೇ ಹೆಚ್ಚು. ಅವರು ಈ ಸರಾಸರಿಯಲ್ಲಿ ಇಲ್ಲ. ಕೊಡ ಹೊರಲು ಬೇಕಾದ ಬಲ ಗಂಡಸಿಗೂ ಇದೆ. ನಸುಕಿನ ಎರಡು ಗಂಟೆಗೆ ನೀರು ಬಂದಾಗ ಅವನು ಎದ್ದು ನಿಂತರೆ ಮಗುವಿನ ಬಳಿ ತಾಯಿ ಇರಬಹುದು. ಇದಕ್ಕೆ ಯಾವ ಸಾಲವೂ ಬೇಕಿಲ್ಲ, ಯಾವ ಯೋಜನೆಯೂ ಬೇಕಿಲ್ಲ.

ಬೀಸುಕಲ್ಲಿನಿಂದ ನಳದವರೆಗಿನ ಈ ಚರಿತ್ರೆಯನ್ನು ನೋಡಿದಾಗ ನಮಗೆ ಒಂದು ಮಾತು ಸ್ಪಷ್ಟವಾಗುತ್ತದೆ. ಚಿಕ್ಕ ಮಕ್ಕಳ ತಾಯಿ ದಿನಚರಿ ಹಾಕಿಕೊಳ್ಳುವುದು ಒಳ್ಳೆಯದೇ, ಅದರಿಂದ ಮಕ್ಕಳಿಗೂ ಮನೆಗೂ ಒಂದು ಹದ ಬರುತ್ತದೆ. ಆದರೆ ಹಾಕುವಾಗ ಎರಡು ಪಟ್ಟಿ ಮಾಡಬೇಕು. ಮೊದಲನೆಯದರಲ್ಲಿ ಅವಳ ಮತ್ತು ಮನೆಯವರ ಕೈಯಲ್ಲಿರುವ ಕೆಲಸಗಳು. ಅವನ್ನು ಗಂಡ, ಅತ್ತೆ, ಬೆಳೆದ ಗಂಡುಮಕ್ಕಳು ಎಲ್ಲರ ಹೆಸರು ಹಾಕಿ ಹಂಚಬೇಕು. ಎರಡನೆಯದರಲ್ಲಿ ಅವಳ ಕೈಯಲ್ಲಿ ಇಲ್ಲದವು. ನಳ ಬರುವ ಹೊತ್ತು, ಅಂಗನವಾಡಿ ಮುಚ್ಚುವ ಹೊತ್ತು, ಬಸ್ಸು ಬರುವ ಹೊತ್ತು, ದವಾಖಾನೆ ತೆರೆಯುವ ಹೊತ್ತು. ಈ ಎರಡನೆಯ ಪಟ್ಟಿಗೆ ಅವಳು ಉತ್ತರ ಕೊಡಬೇಕಾಗಿಲ್ಲ, ಊರು ಕೊಡಬೇಕು. ವಾರ್ಡಿನ ಸದಸ್ಯರು ಮತ ಕೇಳಲು ಬಂದಾಗ, ಪಾಲಿಕೆಯ ಸಭೆ ನಡೆದಾಗ ಅಡುಗೆಮನೆಯ ಆ ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿ ಅವರ ಮುಂದೆ ಹಿಡಿಯಬಹುದು. ಯಾವ ತಿಂಗಳು ಎಷ್ಟು ಸುತ್ತುಗಳಿವೆ, ನಡುವೆ ಎಷ್ಟು ದಿನ ಖಾಲಿ ಇವೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಯಾರ ಬಳಿಯೂ ಇರಲಾರದು.